ಲಾಠಿಯೇ ಸಾಕೆ, ಬಂದೂಕೂ ಬೇಕೆ?

ಊಟ ಮಾಡದೆ ಹಟ ಹಿಡಿದ ಮಗುವಿಗೆ ನಮ್ಮ ಮನೆಗಳಲ್ಲಿ ಅಮ್ಮಂದಿರು ಹೇಳುವ ಮಾತು ಎಲ್ಲರಿಗೂ ಗೊತ್ತು: "ತಿನ್ನದೇ ಇದ್ರೆ ಪೊಲೀಸ್ ಮಾಮ ಬರ್ತಾನೆ ನೋಡು, ಹಿಡ್ಕೊಂಡು ಹೋಗ್ತಾನೆ!" ಮಗು ಹೆದರಿ ಬಾಯಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ. ಅದರ ಜೊತೆಗೇ ಖಾಕಿ ಬಟ್ಟೆ ಕಂಡರೆ ದೂರ ಸರಿಯಬೇಕೆಂಬ ಪಾಠವೂ ಒಳಗೆ ಹೋಗುತ್ತದೆ.

ಇಂಗ್ಲೆಂಡಿನ ತಾಯಂದಿರು ಮಕ್ಕಳಿಗೆ ಹೇಳಿಕೊಡುತ್ತ ಬಂದದ್ದು ಇದಕ್ಕೆ ತದ್ವಿರುದ್ಧ. ಪೇಟೆಯಲ್ಲಿ ಕೈತಪ್ಪಿದರೆ, ದಾರಿ ಗೊತ್ತಾಗದಿದ್ದರೆ ಪೊಲೀಸಿನವರ ಹತ್ತಿರ ಹೋಗಿ ಕೇಳು ಎನ್ನುವುದು ಅಲ್ಲಿನ ರೂಢಿ. ಲಂಡನ್ನಿನ ಬೀದಿಯಲ್ಲಿ ಗಸ್ತು ತಿರುಗುವ ಆ ಪೇದೆಯ ಸೊಂಟದಲ್ಲಿ ಇಂದಿಗೂ ಪಿಸ್ತೂಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇರುವ ಸುಮಾರು ಒಂದೂವರೆ ಲಕ್ಷ ಪೊಲೀಸರಲ್ಲಿ ಬಂದೂಕು ಹಿಡಿಯಲು ಅನುಮತಿ ಪಡೆದವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ.

ಅರ್ಧ ಜಗತ್ತನ್ನು ತೋಪು, ಬಂದೂಕುಗಳ ಬಲದಿಂದ ಆಳಿದ ದೇಶ ತನ್ನ ಮನೆಯ ಪೊಲೀಸರ ಕೈಗೆ ಬಂದೂಕು ಕೊಡಲಿಲ್ಲ ಎಂಬುದು ಸೋಜಿಗದ ಸಂಗತಿಯಲ್ಲವೇ? ಇದು ಹೇಗೆ ಸಾಧ್ಯವಾಯಿತು? ಎಷ್ಟು ದಿನ ನಡೆದೀತು? ಪೊಲೀಸರೆಲ್ಲರೂ ಸದಾ ಬಂದೂಕು ಧರಿಸಬೇಕೆ ಎಂಬ ಚರ್ಚೆ ಎಲ್ಲೇ ಎದ್ದರೂ ಈ ಪ್ರಶ್ನೆಗಳಿಗೆ ಹಿಂದಿರುಗಬೇಕಾಗುತ್ತದೆ.

ಪೀಲ್‌ನ ಹುಡುಗರು

1819ರಲ್ಲಿ ಮ್ಯಾಂಚೆಸ್ಟರ್ ನಗರದ ಬಯಲೊಂದರಲ್ಲಿ ಮತದಾನದ ಹಕ್ಕು ಕೇಳಲು ಸಾವಿರಾರು ಜನ ನೆರೆದಿದ್ದರು. ಅವರನ್ನು ಚದುರಿಸಲು ಸರ್ಕಾರ ಕುದುರೆ ಸವಾರರನ್ನು ಕಳಿಸಿತು. ಅವರು ಖಡ್ಗ ಬೀಸುತ್ತ ಗುಂಪಿನೊಳಗೆ ನುಗ್ಗಿದರು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ಜನರನ್ನು ನಿಯಂತ್ರಿಸಲು ಸೈನ್ಯವನ್ನು ಬಳಸಿದರೆ ಏನಾಗುತ್ತದೆ ಎಂಬುದು ಇಂಗ್ಲೆಂಡಿಗೆ ಅಂದು ಮನದಟ್ಟಾಯಿತು.

ಹತ್ತು ವರ್ಷಗಳ ನಂತರ, 1829ರಲ್ಲಿ, ಗೃಹಮಂತ್ರಿಯಾಗಿದ್ದ ರಾಬರ್ಟ್ ಪೀಲ್ ಲಂಡನ್ನಿಗೆ ಹೊಸ ಪೊಲೀಸ್ ಪಡೆಯನ್ನು ಕಟ್ಟಿದ. ಆ ವರ್ಷದ ಸೆಪ್ಟೆಂಬರ್ 29ರ ಸಂಜೆ ಮೊದಲ ಪೇದೆಗಳು ಬೀದಿಗಿಳಿದರು. ಬ್ರಿಟಿಷ್ ಸೈನಿಕರದು ಕೆಂಪು ಕೋಟು. ಇವರಿಗೆ ಬೇಕೆಂದೇ ನೀಲಿ ಕೋಟು ಕೊಟ್ಟರು. ತಲೆಗೆ ಎತ್ತರದ ಟೋಪಿ, ಕೈಗೆ ಒಂದು ಮರದ ದೊಣ್ಣೆ, ನೆರವಿಗೆ ಕರೆಯಲು ಒಂದು ಗಿಲಕಿ. ಸೀಟಿ ಬಂದದ್ದು ಅರ್ಧ ಶತಮಾನದ ಮೇಲೆ. ಇವರನ್ನು ನೋಡಿದವರಿಗೆ ಸೈನಿಕರ ನೆನಪು ಬರಬಾರದು ಎಂಬುದೇ ಉದ್ದೇಶ.

ಆದರೆ ಜನ ಇವರನ್ನು ಹೂಹಾರ ಹಾಕಿ ಸ್ವಾಗತಿಸಿದರು ಎಂದುಕೊಂಡರೆ ತಪ್ಪು. ಬೀದಿಯಲ್ಲಿ ಕಲ್ಲು ಬಿದ್ದವು, ಅಡ್ಡಹೆಸರುಗಳು ಹುಟ್ಟಿದವು. 1833ರಲ್ಲಿ ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಸಭೆಯೊಂದನ್ನು ಚದುರಿಸಲು ಹೋದ ರಾಬರ್ಟ್ ಕಲ್ಲಿ ಎಂಬ ಪೇದೆಯನ್ನು ಯಾರೋ ಇರಿದು ಕೊಂದರು. ಸಾವಿನ ವಿಚಾರಣೆಗೆ ಕುಳಿತ ಪಂಚರು ಕೊಟ್ಟ ತೀರ್ಪು ಇದು: ಈ ಕೊಲೆ ಸಮರ್ಥನೀಯ! ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತಾದರೂ ಪಂಚರನ್ನು ಊರಿನವರು ಸನ್ಮಾನಿಸಿದರು. ಪೊಲೀಸರ ಮೇಲೆ ಅಷ್ಟು ದ್ವೇಷವಿತ್ತು.

ಅಂಥ ಕಾಲದಲ್ಲೂ ಪಡೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ರೋವನ್ ಮತ್ತು ರಿಚರ್ಡ್ ಮೇನ್ ಗಸ್ತಿನ ಪೇದೆಗಳೆಲ್ಲರಿಗೂ ಬಂದೂಕು ಹಂಚಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪೀಲ್‌ನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ತತ್ತ್ವಗಳ ಸಾರವೂ ಇದೇ: ಪೊಲೀಸರ ಶಕ್ತಿ ಜನರ ಒಪ್ಪಿಗೆಯಿಂದ ಬರುತ್ತದೆ, ಪೊಲೀಸರು ಹೆಚ್ಚು ಬಲ ಬಳಸಿದಷ್ಟೂ ಜನರ ಸಹಕಾರ ಕಡಿಮೆಯಾಗುತ್ತದೆ. ಈ ಒಪ್ಪಿಗೆ ಒಂದೇ ದಿನದಲ್ಲಿ ಸಿಗಲಿಲ್ಲ. ಅದಕ್ಕೆ ಎರಡು ಮೂರು ತಲೆಮಾರು ಹಿಡಿಯಿತು. ರಾಬರ್ಟ್ ಹೆಸರಿನ ಮುದ್ದುರೂಪವಾದ 'ಬಾಬಿ' ಎಂಬುದು ಪೇದೆಗೆ ಅಡ್ಡಹೆಸರಾಯಿತು. ಕ್ರಮೇಣ ಅದೇ ಅಕ್ಕರೆಯ ಹೆಸರೂ ಆಯಿತು.

ನಮಗೆ ಬಂದದ್ದು ಬೇರೆ ಮಾದರಿ

ಇದೇ ಪೀಲ್‌ಗೆ ಇನ್ನೊಂದು ಮುಖವೂ ಇತ್ತು. ಲಂಡನ್ನಿನ ಪಡೆಯನ್ನು ಕಟ್ಟುವ ಹದಿನೈದು ವರ್ಷ ಮೊದಲು ಆತ ಐರ್ಲೆಂಡಿನ ಆಡಳಿತದಲ್ಲಿದ್ದ. ಅಲ್ಲಿನ ಜನ ಬ್ರಿಟಿಷ್ ಆಳ್ವಿಕೆಯನ್ನು ಮನಸಾರೆ ಒಪ್ಪಿದವರಲ್ಲ. 1814ರಲ್ಲಿ ಅವರಿಗಾಗಿ ಪೀಲ್ ಸ್ಥಾಪಿಸಿದ ಪಡೆ ಶಸ್ತ್ರಸಜ್ಜಿತವಾಗಿತ್ತು. ಮುಂದೆ ಬೆಳೆದ ಐರಿಷ್ ಕಾನ್‌ಸ್ಟಾಬ್ಯುಲರಿ ಬ್ಯಾರಕ್ಕುಗಳಲ್ಲಿ ವಾಸ, ಕವಾಯತು, ಬಂದೂಕು ಎಲ್ಲ ಇದ್ದ ಅರೆಸೈನಿಕ ಪಡೆ.

1843ರಲ್ಲಿ ಸಿಂಧ್ ಪ್ರಾಂತ್ಯವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ಪಡೆ ಕಟ್ಟುವಾಗ ಮಾದರಿಯಾಗಿ ಆರಿಸಿಕೊಂಡದ್ದು ಲಂಡನ್ನನ್ನಲ್ಲ, ಐರ್ಲೆಂಡನ್ನು. 1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯಿದೆಯಲ್ಲೂ ಇದೇ ದೃಷ್ಟಿ ಇತ್ತು. ಆಳುವವರು ತಮ್ಮ ಸ್ವಂತ ಜನರಿಗೆ ದೊಣ್ಣೆ ಹಿಡಿದ 'ಬಾಬಿ'ಯನ್ನು ಕೊಟ್ಟರು. ಆಳಿಸಿಕೊಂಡವರಿಗೆ ಬ್ಯಾರಕ್ಕಿನ ಪಡೆಯನ್ನು ಕೊಟ್ಟರು.

ನಮ್ಮಲ್ಲಿ ಇಂದೂ ಉಳಿದಿರುವ ಏರ್ಪಾಡಿನಲ್ಲಿ ಈ ಎರಡೂ ಸೇರಿಕೊಂಡಿವೆ. ಠಾಣೆಯ ಪೇದೆ ಸಾಮಾನ್ಯವಾಗಿ ಲಾಠಿ ಹಿಡಿದೇ ಬೀಟ್ ತಿರುಗುತ್ತಾನೆ. ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರಿಗೆ ರಿವಾಲ್ವರ್ ಅಥವಾ ಪಿಸ್ತೂಲು ಇರುತ್ತದೆ. ಗಲಭೆ, ಬಂದೋಬಸ್ತಿಗೆ ಬರುವ ಪಡೆಗಳು ಬೇರೆ: ಜಿಲ್ಲೆಗಳಲ್ಲಿ ಡಿ.ಎ.ಆರ್., ಬೆಂಗಳೂರಿನಂಥ ನಗರಗಳಲ್ಲಿ ಸಿ.ಎ.ಆರ್., ರಾಜ್ಯಮಟ್ಟದಲ್ಲಿ ಕೆ.ಎಸ್.ಆರ್.ಪಿ. ಕನ್ನಡ ಪತ್ರಿಕೆಗಳನ್ನು ಓದುವವರಿಗೆ 'ಗೋಲಿಬಾರ್' ಎಂಬ ಶಬ್ದಕ್ಕೆ ಅರ್ಥ ಹೇಳಬೇಕಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ, 1980ರ ಜುಲೈನಲ್ಲಿ ನರಗುಂದ-ನವಲಗುಂದಗಳಲ್ಲಿ ರೈತರ ಮೇಲೆ, 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಹಾರಿದ ಗುಂಡುಗಳನ್ನು ಈ ನಾಡು ಮರೆತಿಲ್ಲ.

ಬಂದೂಕು ಎರವಲು ಪಡೆದ ಪೊಲೀಸರು

ಇಂಗ್ಲೆಂಡಿನ ಪೊಲೀಸರಿಗೆ ಬಂದೂಕಿನ ಗಂಧವೇ ಇರಲಿಲ್ಲವೆಂದಲ್ಲ. 1880ರ ದಶಕದಲ್ಲಿ ಕನ್ನಗಳ್ಳರ ಗುಂಡಿಗೆ ಕೆಲವು ಪೇದೆಗಳು ಬಲಿಯಾದ ಮೇಲೆ, ಲಂಡನ್ನಿನ ಹೊರವಲಯದಲ್ಲಿ ರಾತ್ರಿ ಪಾಳಿಯವರು ಕೇಳಿಕೊಂಡರೆ ರಿವಾಲ್ವರ್ ಕೊಡುವ ಪದ್ಧತಿ ಬಂತು. 1936ರಲ್ಲಿ ಅದನ್ನು ನಿಲ್ಲಿಸಿದರು.

1909ರ ಜನವರಿಯಲ್ಲಿ ಟಾಟೆನ್‌ಹ್ಯಾಮ್‌ನಲ್ಲಿ ನಡೆದ ಘಟನೆ ಸಿನಿಮಾವನ್ನೂ ಮೀರಿಸುವಂಥದು. ಕಾರ್ಖಾನೆಯೊಂದರ ಸಂಬಳದ ಹಣ ದೋಚಿದ ಇಬ್ಬರು ಗುಂಡು ಹಾರಿಸುತ್ತ ಓಡಿದರು. ಪೊಲೀಸರು ಹಿಂದೆ ಬಿದ್ದರು. ಕಳ್ಳರು ಟ್ರಾಮ್ ಹತ್ತಿದರು, ಹಾಲಿನ ಗಾಡಿ ಕಸಿದುಕೊಂಡರು. ಬೆನ್ನಟ್ಟುವಿಕೆ ಸುಮಾರು ಆರು ಮೈಲಿ ನಡೆಯಿತು. ಪೊಲೀಸರು ದಾರಿಹೋಕರಿಂದ ಪಿಸ್ತೂಲು ಎರವಲು ಪಡೆದು ಗುಂಡು ಹಾರಿಸಿದರು! ಅಂದು ಒಬ್ಬ ಪೇದೆಯೂ ಹತ್ತು ವರ್ಷದ ಒಬ್ಬ ಬಾಲಕನೂ ಸತ್ತರು.

1966ರ ಆಗಸ್ಟ್ 12ರಂದು ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ, ಅನುಮಾನ ಬಂದು ನಿಲ್ಲಿಸಿದ ಕಾರೊಂದರಲ್ಲಿದ್ದವರು ಮೂವರು ಪೊಲೀಸರನ್ನು ಹಗಲಿನಲ್ಲೇ ಗುಂಡಿಟ್ಟು ಕೊಂದರು. ದೇಶವೇ ತಲ್ಲಣಿಸಿತು. ಎಲ್ಲ ಪೊಲೀಸರಿಗೂ ಬಂದೂಕು ಕೊಡಿ ಎಂಬ ಕೂಗು ಎದ್ದಿತು. ಸರ್ಕಾರ ಆರಿಸಿಕೊಂಡದ್ದು ನಡುದಾರಿ: ಕೆಲವರನ್ನು ಆಯ್ದು, ಚೆನ್ನಾಗಿ ತರಬೇತಿ ಕೊಟ್ಟು, ಅವರ ಕೈಗೆ ಮಾತ್ರ ಬಂದೂಕು ಕೊಡುವುದು. 1991ರಿಂದ ಲಂಡನ್ನಿನಲ್ಲಿ ಸಶಸ್ತ್ರ ಸಿಬ್ಬಂದಿಯ ವಿಶೇಷ ಕಾರುಗಳು ಹಗಲಿರುಳೂ ಸುತ್ತುತ್ತಿವೆ. ಕರೆ ಬಂದರೆ ಅವು ಧಾವಿಸುತ್ತವೆ. ಉಳಿದ ಪೇದೆಗಳು ಎಂದಿನಂತೆ ಬಂದೂಕಿಲ್ಲದೆ ನಡೆಯುತ್ತಾರೆ.

ಕೊಡಿ ಎನ್ನುವವರ ವಾದ

ಬಂದೂಕು ಬೇಕು ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2012ರ ಸೆಪ್ಟೆಂಬರ್ 18ರಂದು ಮ್ಯಾಂಚೆಸ್ಟರ್ ಬಳಿ, ಮನೆಗಳ್ಳತನವಾಗಿದೆ ಎಂಬ ಸುಳ್ಳು ಕರೆಗೆ ಓಗೊಟ್ಟು ಹೋದ ಫಿಯೋನಾ ಬೋನ್ ಮತ್ತು ನಿಕೋಲಾ ಹ್ಯೂಸ್ ಎಂಬ ಇಬ್ಬರು ಮಹಿಳಾ ಪೇದೆಗಳನ್ನು ಕೊಲೆಗಾರನೊಬ್ಬ ಪಿಸ್ತೂಲು ಮತ್ತು ಕೈಬಾಂಬಿನಿಂದ ಕೊಂದ. ಒಬ್ಬಾಕೆಗೆ 32 ವರ್ಷ, ಇನ್ನೊಬ್ಬಾಕೆಗೆ 23. ಅಪ್ಪ ಅಮ್ಮ ಮಗಳನ್ನು ಬರಿಗೈಯಲ್ಲಿ ಇಂಥ ಕೆಲಸಕ್ಕೆ ಕಳಿಸಬೇಕೆ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

2017ರ ಮಾರ್ಚ್ 22ರಂದು ಬ್ರಿಟಿಷ್ ಸಂಸತ್ ಭವನದ ಗೇಟಿನಲ್ಲಿ ಕಾವಲಿದ್ದ ಕೀತ್ ಪಾಮರ್ ಎಂಬ ಪೇದೆಯನ್ನು ಉಗ್ರನೊಬ್ಬ ಚಾಕುವಿನಿಂದ ಇರಿದು ಕೊಂದ. ಪಾಮರ್ ಕೈಯಲ್ಲಿ ಬಂದೂಕಿರಲಿಲ್ಲ. ಗೇಟಿನ ಬಳಿ ಸಶಸ್ತ್ರ ಸಿಬ್ಬಂದಿ ನಿಂತಿದ್ದರೆ ಅವರ ಜೀವ ಉಳಿಯುವ ಸಾಧ್ಯತೆ ಇತ್ತು ಎಂದು ಮುಂದೆ ಸಾವಿನ ವಿಚಾರಣೆ ನಡೆಸಿದ ನ್ಯಾಯಾಧೀಶರೇ ಹೇಳಿದರು. ಅದೇ ವರ್ಷ ಜೂನ್ 3ರಂದು ಲಂಡನ್ ಸೇತುವೆಯ ಬಳಿ ಮೂವರು ಉಗ್ರರು ಎಂಟು ಜನರನ್ನು ಕೊಂದಾಗ, ರೈಲ್ವೆ ಪೊಲೀಸ್ ಪೇದೆಯೊಬ್ಬರು ದೊಣ್ಣೆ ಹಿಡಿದೇ ಅವರನ್ನು ಎದುರಿಸಿ ತೀವ್ರವಾಗಿ ಗಾಯಗೊಂಡರು. ಮೊದಲ ಕರೆ ಬಂದ ಎಂಟು ನಿಮಿಷಗಳಲ್ಲಿ ಸಶಸ್ತ್ರ ಪೊಲೀಸರು ಬಂದು ಮೂವರನ್ನೂ ಹೊಡೆದುರುಳಿಸಿದರು. ಎಂಟು ನಿಮಿಷ ಎಂದರೆ ಅದ್ಭುತ ವೇಗ ಎಂದು ಕೆಲವರು ಹೊಗಳಿದರು. ಆ ಎಂಟು ನಿಮಿಷದಲ್ಲಿ ಸತ್ತವರ ಗತಿ ಏನು ಎಂದು ಇನ್ನು ಕೆಲವರು ಕೇಳಿದರು. ಎರಡೂ ನಿಜವೇ.

ಬೇಡ ಎನ್ನುವವರ ವಾದ

ಇನ್ನೊಂದು ತಕ್ಕಡಿಯಲ್ಲೂ ಪ್ರಾಣಗಳೇ ಇವೆ. 1983ರ ಜನವರಿಯಲ್ಲಿ ತಪ್ಪಿಸಿಕೊಂಡ ಅಪರಾಧಿಯೊಬ್ಬನೆಂದು ತಿಳಿದು, ಲಂಡನ್ ಪೊಲೀಸರು ಕಾರಿನಲ್ಲಿ ಕುಳಿತಿದ್ದ ನಿರಪರಾಧಿ ಯುವಕನೊಬ್ಬನ ಮೇಲೆ ಗುಂಡಿನ ಮಳೆಗರೆದರು. ಆತ ಬದುಕಿದ್ದೇ ಹೆಚ್ಚು. 1985ರ ಸೆಪ್ಟೆಂಬರ್‌ನಲ್ಲಿ ಬ್ರಿಕ್ಸ್‌ಟನ್‌ನ ಮನೆಯೊಂದಕ್ಕೆ ಮಗನನ್ನು ಹುಡುಕಿಕೊಂಡು ನುಗ್ಗಿದ ಪೊಲೀಸರ ಗುಂಡು ತಾಯಿಗೆ ತಗುಲಿತು. ಆಕೆ ಮತ್ತೆ ನಡೆಯಲಿಲ್ಲ. ಆ ಪ್ರದೇಶ ಹೊತ್ತಿ ಉರಿಯಿತು. ಪೊಲೀಸ್ ಕಮಿಷನರ್ ಆ ಕುಟುಂಬದ ಕ್ಷಮೆ ಕೇಳಿದ್ದು 2014ರಲ್ಲಿ. ಅಷ್ಟರಲ್ಲಿ ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು.

2005ರ ಜುಲೈ 22ರ ಘಟನೆ ಜಗತ್ತಿಗೇ ಗೊತ್ತು. ಲಂಡನ್ನಿನ ಬಾಂಬ್ ಸ್ಫೋಟಗಳ ಬಿಸಿ ಆರದ ದಿನಗಳವು. ಬ್ರೆಜಿಲ್‌ನಿಂದ ಬಂದು ಎಲೆಕ್ಟ್ರಿಷಿಯನ್ ಆಗಿ ದುಡಿಯುತ್ತಿದ್ದ 27 ವರ್ಷದ ಜೀನ್ ಚಾರ್ಲ್ಸ್ ಡಿ ಮೆನೆಜೆಸ್ ಎಂಬ ಯುವಕನನ್ನು ಆತ್ಮಾಹುತಿ ಬಾಂಬರ್ ಎಂದು ತಪ್ಪು ತಿಳಿದು ಪೊಲೀಸರು ಸುರಂಗ ರೈಲಿನಲ್ಲೇ ತಲೆಗೆ ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವರು ಸಾಮಾನ್ಯ ಪೇದೆಗಳಲ್ಲ, ಅತ್ಯುತ್ತಮ ತರಬೇತಿ ಪಡೆದ ಆಯ್ದ ಸಿಬ್ಬಂದಿ ಎಂಬುದನ್ನು ಇಲ್ಲಿ ನೆನಪಿಡಬೇಕು. ಅಂಥವರ ಕೈಯಲ್ಲೇ ಹೀಗಾದರೆ, ವರ್ಷಕ್ಕೊಮ್ಮೆ ಹತ್ತಿಪ್ಪತ್ತು ಗುಂಡು ಹಾರಿಸಿ ಅಭ್ಯಾಸ ಮಾಡುವವರ ಕೈಗೆಲ್ಲ ಪಿಸ್ತೂಲು ಕೊಟ್ಟರೆ ಗತಿ ಏನು?

ಬಂದೂಕು ಹಿಡಿದವನ ನಡವಳಿಕೆಯೂ ಬದಲಾಗುತ್ತದೆ ಎಂಬುದು ಮತ್ತೊಂದು ಮಾತು. ಬರ್ಮಾದಲ್ಲಿ 1922ರಿಂದ 1927ರವರೆಗೆ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ ಆನೆಯೊಂದನ್ನು ಕೊಂದ ಪ್ರಸಂಗ ಕುರಿತು ಬರೆದ ಪ್ರಬಂಧವನ್ನು ಅನೇಕ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯದಲ್ಲಿ ಓದಿರಬಹುದು. ಆತ್ಮರಕ್ಷಣೆಗೆಂದು ಬಂದೂಕು ತರಿಸಿದ ಅಧಿಕಾರಿಗೆ, ಹಿಂದೆ ನೆರೆದ ಜನ ಗುಂಡು ಹಾರುವುದನ್ನೇ ಕಾಯುತ್ತಿದ್ದಾರೆ ಎಂದು ಅರಿವಾಗುತ್ತದೆ. ಕೊಲ್ಲುವ ಮನಸ್ಸಿಲ್ಲದಿದ್ದರೂ ಆತ ಕೊಲ್ಲುತ್ತಾನೆ. ಕೈಯಲ್ಲಿ ಬಂದೂಕಿಲ್ಲದ ಪೇದೆ ಮಾತನಾಡಿ, ಕಾಲ ತಳ್ಳಿ, ನೆರವು ಕರೆಸಿ ಪ್ರಸಂಗವನ್ನು ತಣ್ಣಗಾಗಿಸಲು ಕಲಿಯಲೇಬೇಕು. ಅದು ಅವನ ಕಸುಬಿನ ಮುಖ್ಯ ಭಾಗ.

ಲೆಕ್ಕವನ್ನೂ ನೋಡೋಣ. ಇಂಗ್ಲೆಂಡ್-ವೇಲ್ಸ್‌ಗಳಲ್ಲಿ ಸಶಸ್ತ್ರ ಪೊಲೀಸರು ವರ್ಷಕ್ಕೆ ಸುಮಾರು 18 ಸಾವಿರ ಕಾರ್ಯಾಚರಣೆಗಳಿಗೆ ಹೋಗುತ್ತಾರೆ. ಅವುಗಳಲ್ಲಿ ಗುಂಡು ಹಾರುವುದು ಹತ್ತರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಸಲ. ಪೊಲೀಸ್ ಗುಂಡಿಗೆ ಸಾಯುವವರ ವಾರ್ಷಿಕ ಸಂಖ್ಯೆ ಸಾಮಾನ್ಯವಾಗಿ ಒಂದಂಕಿಯಲ್ಲೇ ನಿಲ್ಲುತ್ತದೆ. ಎಲ್ಲ ಪೊಲೀಸರೂ ಪಿಸ್ತೂಲು ಧರಿಸುವ ಅಮೆರಿಕದಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ 2015ರಿಂದ ಇಟ್ಟ ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು ಸಾವಿರ ಜನ ಪೊಲೀಸ್ ಗುಂಡಿಗೆ ಬಲಿಯಾಗುತ್ತಾರೆ. ಜನಸಂಖ್ಯೆ ಐದಾರು ಪಟ್ಟು ಹೆಚ್ಚೆಂದು ಲೆಕ್ಕ ಹಿಡಿದರೂ ಈ ಅಂತರ ಅಗಾಧ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಅಮೆರಿಕದಲ್ಲಿ ಜನರಿಗಿಂತ ಜನರ ಕೈಯಲ್ಲಿರುವ ಬಂದೂಕುಗಳೇ ಹೆಚ್ಚು. ನಿಲ್ಲಿಸಿದ ಕಾರಿನಲ್ಲಿ ಕುಳಿತವನ ಬಳಿ ಪಿಸ್ತೂಲು ಇರಬಹುದೆಂಬ ಭಯ ಅಲ್ಲಿನ ಪೊಲೀಸರಿಗೆ ಸಹಜ. ಬ್ರಿಟನ್ನಿನಲ್ಲಿ ಹಾಗಲ್ಲ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಒಬ್ಬ ಕೊಂದ ಮೇಲೆ, 1997ರಲ್ಲಿ ಖಾಸಗಿ ಪಿಸ್ತೂಲುಗಳನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ಅಂದರೆ ಪೊಲೀಸರು ಬರಿಗೈಯಲ್ಲಿ ಓಡಾಡಬೇಕಾದರೆ ಮೊದಲು ಊರಿನವರ ಕೈ ಬರಿದಾಗಿರಬೇಕು.

ಪೊಲೀಸರೇ ಏನೆನ್ನುತ್ತಾರೆ?

ಬ್ರಿಟನ್ನಿನ ಪೊಲೀಸ್ ಸಂಘ ತನ್ನ ಸದಸ್ಯರನ್ನೇ ಈ ಪ್ರಶ್ನೆ ಕೇಳಿತ್ತು. 2006ರಲ್ಲಿ ನೂರಕ್ಕೆ 82 ಮಂದಿ, ಎಲ್ಲರಿಗೂ ಬಂದೂಕು ಬೇಡ ಎಂದರು. 2017ರ ಹೊತ್ತಿಗೆ ಬೇಕು ಎನ್ನುವವರು ಮೂರನೇ ಒಂದು ಭಾಗಕ್ಕೆ ಏರಿದ್ದರು. ಆದರೂ ಬಹುಮತ ಬೇಡ ಎಂಬ ಕಡೆಗೇ ಇತ್ತು. 2012ರಲ್ಲಿ ಇಬ್ಬರು ಪೇದೆಗಳನ್ನು ಕಳೆದುಕೊಂಡ ಮ್ಯಾಂಚೆಸ್ಟರ್ ಪಡೆಯ ಮುಖ್ಯಸ್ಥ ಪೀಟರ್ ಫಾಹಿ ಕೂಡ ತಮ್ಮ ಪೊಲೀಸರು ನಿಶ್ಶಸ್ತ್ರರಾಗಿಯೇ ಇರಬೇಕೆಂಬ ನಿಲುವನ್ನು ಬದಲಿಸಲಿಲ್ಲ. ಹೊಂಚು ಹಾಕಿ ಕೊಲ್ಲುವವನ ಎದುರು ಸೊಂಟದ ಪಿಸ್ತೂಲು ಹೊರಬರಲು ಸಮಯವಾದರೂ ಎಲ್ಲಿ ಎಂಬುದು ಅಂದು ಹಲವರು ಎತ್ತಿದ ಪ್ರಶ್ನೆ.

ಬಂದೂಕಿನ ಜೊತೆ ಜವಾಬ್ದಾರಿಯೂ ಬರುತ್ತದೆ. 2022ರಲ್ಲಿ ಲಂಡನ್ನಿನಲ್ಲಿ ಯುವಕನೊಬ್ಬನನ್ನು ಗುಂಡಿಟ್ಟು ಕೊಂದ ಪೊಲೀಸಿನವನ ಮೇಲೆ ಕೊಲೆ ಆರೋಪ ಹೊರಿಸಿದಾಗ, 2023ರ ಸೆಪ್ಟೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಸಶಸ್ತ್ರ ಪೊಲೀಸರು ತಮಗೆ ಈ ಕೆಲಸವೇ ಬೇಡವೆಂದು ಬಂದೂಕು ಕೆಳಗಿಟ್ಟರು. 2024ರಲ್ಲಿ ಆತ ನಿರ್ದೋಷಿ ಎಂದು ತೀರ್ಪಾಯಿತು.

ಬೇರೆ ಕೆಲವು ದೇಶಗಳ ಅನುಭವವೂ ಇದೆ. ಬ್ರಿಟಿಷರಿಂದ ಬಿಡಿಸಿಕೊಂಡ ಐರ್ಲೆಂಡ್, 1922-23ರ ಅಂತರ್ಯುದ್ಧದ ನಡುವೆಯೇ ತನ್ನ ಹೊಸ ಪೊಲೀಸರನ್ನು ನಿಶ್ಶಸ್ತ್ರರನ್ನಾಗಿ ಕಟ್ಟಿತು. ಅವರ ಹೆಸರಿಗೆ 'ಶಾಂತಿಯ ಕಾವಲುಗಾರರು' ಎಂದೇ ಅರ್ಥ. ಆದರೆ ಪಕ್ಕದ ಉತ್ತರ ಐರ್ಲೆಂಡಿನಲ್ಲಿ ಇಂದಿಗೂ ಪೊಲೀಸರೆಲ್ಲ ಶಸ್ತ್ರಧಾರಿಗಳು. ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 2019ರಲ್ಲಿ 51 ಜನ ಹತರಾದ ಮೇಲೆ ನ್ಯೂಜಿಲೆಂಡ್ ಸಶಸ್ತ್ರ ಗಸ್ತು ತಂಡಗಳನ್ನು ಪ್ರಯೋಗಕ್ಕೆಂದು ಬೀದಿಗಿಳಿಸಿತು. ಜನ ಒಪ್ಪದ್ದರಿಂದ 2020ರಲ್ಲಿ ಕೈಬಿಟ್ಟಿತು. ಐಸ್‌ಲ್ಯಾಂಡ್ 1944ರಲ್ಲಿ ಗಣರಾಜ್ಯವಾದ ಮೇಲೆ ಅಲ್ಲಿ ಪೊಲೀಸ್ ಗುಂಡಿಗೆ ಒಬ್ಬ ಸತ್ತದ್ದು 2013ರಲ್ಲಿ, ಅದೇ ಮೊದಲು.

ಗಿರ್‌ಗಾಂವ್ ಚೌಪಾಟಿಯ ರಾತ್ರಿ

ನಮ್ಮ ದೇಶದಲ್ಲಿ ಈ ಚರ್ಚೆ ಬಂದಾಗಲೆಲ್ಲ ತುಕಾರಾಮ್ ಓಂಬ್ಳೆ ಅವರ ನೆನಪಾಗುತ್ತದೆ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಗಿರ್‌ಗಾಂವ್ ಚೌಪಾಟಿಯ ತಡೆಬೇಲಿಯ ಬಳಿ, ಎ.ಕೆ. 47 ಹಿಡಿದಿದ್ದ ಕಸಬ್‌ನ ಬಂದೂಕಿನ ನಳಿಕೆಯನ್ನೇ ಅವರು ಎರಡೂ ಕೈಗಳಿಂದ ಹಿಡಿದುಕೊಂಡರು. ಅವರ ಬಳಿ ಇದ್ದದ್ದು ಲಾಠಿ. ಗುಂಡುಗಳು ದೇಹವನ್ನು ಹೊಕ್ಕರೂ ಹಿಡಿತ ಸಡಿಲಿಸಲಿಲ್ಲ. ಸಹೋದ್ಯೋಗಿಗಳು ಕಸಬ್‌ನನ್ನು ಜೀವಂತ ಸೆರೆಹಿಡಿದರು. ಆ ದಾಳಿಕೋರರಲ್ಲಿ ಜೀವಂತ ಸಿಕ್ಕವನು ಅವನೊಬ್ಬನೇ. ಅವನ ವಿಚಾರಣೆಯಿಂದಲೇ ಸಂಚಿನ ಬಹುಪಾಲು ವಿವರ ಹೊರಬಂತು. ಓಂಬ್ಳೆ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ಈ ಕಥೆಯನ್ನು ಎರಡೂ ಪಕ್ಷದವರು ತಮ್ಮ ವಾದಕ್ಕೆ ಬಳಸುತ್ತಾರೆ. ಅದೇ ತಡೆಬೇಲಿಯ ಬಳಿ ಕಸಬ್‌ನ ಜೊತೆಗಾರನನ್ನು ಕೊಂದದ್ದು ಪೊಲೀಸರ ಗುಂಡೇ. ಅಂಥ ರಾತ್ರಿಗೆ ಬಂದೂಕು ಬೇಕೇಬೇಕು, ಅದೂ ಒಳ್ಳೆಯ ಬಂದೂಕು ಬೇಕು. ಸಿ.ಎಸ್.ಟಿ. ರೈಲು ನಿಲ್ದಾಣದಲ್ಲಿ ಕೆಲವು ಪೊಲೀಸರ ಕೈಯಲ್ಲಿ ಹಳೆಯ ಪಾಯಿಂಟ್ 303 ರೈಫಲ್‌ಗಳೇನೋ ಇದ್ದವು, ಎ.ಕೆ. 47ರ ಮುಂದೆ ಅವು ಏನೂ ಸಾಲದಾದವು. ಹಾಗಾಗಿ ಬಂದೂಕು ಇದೆಯೇ ಎಂಬುದರ ಜೊತೆಗೆ ಯಾವ ಬಂದೂಕು, ಎಷ್ಟು ಅಭ್ಯಾಸ, ಎಷ್ಟು ಬೇಗ ಬರುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಆದರೆ ವರ್ಷದ ಉಳಿದ ದಿನಗಳು? ಪೇದೆಯ ದಿನದ ಕೆಲಸ ಎಂದರೆ ಸಂತೆಯ ಜಗಳ ಬಿಡಿಸುವುದು, ಕಾಣೆಯಾದ ಮಗುವನ್ನು ಹುಡುಕುವುದು, ಜಾತ್ರೆಯ ಬಂದೋಬಸ್ತು, ಕಾಲೇಜು ಗೇಟಿನ ಗಲಾಟೆ. ಹದಿನೆಂಟರ ಹುಡುಗರು ಕಲ್ಲೆತ್ತಿ ನಿಂತಾಗ ಎದುರಿಗೆ ಇರುವುದು ಲಾಠಿಯಾದರೆ ತಲೆ ಒಡೆದೀತು. ಪಿಸ್ತೂಲಾದರೆ ಮನೆಗೆ ಹೆಣ ಬಂದೀತು. ಇದನ್ನು ಓದುವ ತಂದೆ ತಾಯಂದಿರು ಒಮ್ಮೆ ಯೋಚಿಸಬೇಕು.

ಕಾನೂನು ಕೂಡ ಗುಂಡಿಗೆ ಕಡಿವಾಣ ಹಾಕಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆರೋಪ ಇಲ್ಲದವನನ್ನು ಬಂಧಿಸುವಾಗ ಸಾಯಿಸುವ ಹಕ್ಕು ಪೊಲೀಸರಿಗಿಲ್ಲ ಎಂಬ ಹಳೆಯ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. 'ಎನ್‌ಕೌಂಟರ್' ಸಾವುಗಳ ಬಗ್ಗೆ ಸ್ವತಂತ್ರ ತನಿಖೆ ಮತ್ತು ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಇಷ್ಟೆಲ್ಲ ನೋಡಿದ ಮೇಲೆ ಅನಿಸುವುದು ಇದು: ಚೆನ್ನಾಗಿ ಕಲಿತ, ಒಳ್ಳೆಯ ಶಸ್ತ್ರವಿರುವ, ಕರೆದ ಕೂಡಲೇ ಬರಬಲ್ಲ ಸಣ್ಣ ಪಡೆ ಪ್ರತಿ ಊರಿಗೂ ಹತ್ತಿರದಲ್ಲಿರಬೇಕು. ಗಸ್ತಿನ ಪೇದೆಗೆ ಗುಂಡು ತಡೆಯುವ ಕವಚ, ಕೆಲಸ ಮಾಡುವ ವೈರ್‌ಲೆಸ್, ಜೊತೆಗೊಬ್ಬ ಸಂಗಾತಿ ಇರಬೇಕು. ಎಲ್ಲರ ಸೊಂಟಕ್ಕೂ ಪಿಸ್ತೂಲು ಬೇಡ. ಇದರಿಂದ ಎಲ್ಲೋ ಒಬ್ಬ ಪೇದೆಯ ಜೀವಕ್ಕೆ ಅಪಾಯ ಬರಬಹುದು ಎಂಬುದನ್ನು ಮುಚ್ಚಿಡುವಂತಿಲ್ಲ. ನಮ್ಮೆಲ್ಲರ ಪರವಾಗಿ ಆ ಅಪಾಯವನ್ನು ಹೊತ್ತುಕೊಂಡು ಆತ ರಾತ್ರಿ ಬೀದಿಯಲ್ಲಿ ನಡೆಯುತ್ತಾನೆ.

ಅದಕ್ಕೆ ಬದಲಾಗಿ ನಾವು ಕೊಡಬಹುದಾದದ್ದು ನಂಬಿಕೆ. ಲಂಡನ್ನಿನ ಪೇದೆಗೆ ಅದು ಸಿಗಲು ಹಲವು ದಶಕ ಬೇಕಾಯಿತು. ನಮ್ಮ ಪೊಲೀಸರೂ ಅದನ್ನು ಗಳಿಸಬೇಕು, ಠಾಣೆಗೆ ಹೋದವನನ್ನು ಕೂರಿಸಿ ಮಾತನಾಡಿಸಬೇಕು. ನಾವೂ ಒಂದು ಸಣ್ಣ ಕೆಲಸ ಮಾಡಬಹುದು. ನಾಳೆ ಮಗು ಊಟಕ್ಕೆ ಹಟ ಮಾಡಿದಾಗ ಗುಮ್ಮನನ್ನೋ ಚಂದಮಾಮನನ್ನೋ ಕರೆಯೋಣ. ಪೊಲೀಸ್ ಮಾಮನನ್ನು ಕರೆಯುವುದು ಬೇಡ.